ನಿಪ್ಪಟ್ಟು ಮುಗಿಯುವ ತನಕ

ಆರ್.ಟಿ. ನಗರದ ಹಲ್ಲಿನ ಡಾಕ್ಟರಮ್ಮ ನನ್ನ ಬಾಯೊಳಗೆ ಪುಟ್ಟ ಕನ್ನಡಿ ತೂರಿಸಿ, "ದವಡೆ ಹಲ್ಲು ಸೀಳಿದೆಯಲ್ರೀ, ಏನ್ ಕಚ್ಚಿದ್ರಿ?" ಎಂದು ಕೇಳಿದರು. ಬಾಯಿ ತುಂಬ ಹತ್ತಿ ತುರುಕಿಟ್ಟು ಪ್ರಶ್ನೆ ಕೇಳುವ ಅಭ್ಯಾಸ ಈ ಡಾಕ್ಟರುಗಳಿಗೆ ಯಾರು ಕಲಿಸಿಕೊಡುತ್ತಾರೋ ಗೊತ್ತಿಲ್ಲ. ಹತ್ತಿ ತೆಗೆದ ಮೇಲೆ "ನಿಪ್ಪಟ್ಟು" ಎಂದೆ. ಅವರು ನನ್ನ ನರೆತ ತಲೆಯನ್ನೊಮ್ಮೆ ನೋಡಿ, "ಈ ವಯಸ್ಸಲ್ಲಿ ಬೇಕಾ?" ಎಂದರು. ಬೇಕು ಎಂದು ಹೇಳುವ ಧೈರ್ಯ ಆ ಕುರ್ಚಿಯಲ್ಲಿ ಮಲಗಿದ್ದವಳಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ನಿಪ್ಪಟ್ಟಿನದು ಅರ್ಧ ತಪ್ಪು ಮಾತ್ರ. ಇನ್ನರ್ಧ ನಮ್ಮ ಅಮ್ಮ ಕೇಳಿದ ಒಂದು ಪ್ರಶ್ನೆಯದು. ಅಷ್ಟನ್ನೆಲ್ಲ ಹಲ್ಲಿನ ಡಾಕ್ಟರಿಗೆ ಹೇಳುತ್ತ ಕೂರುವುದಕ್ಕಾಗುತ್ತದೆಯೇ? ನಿಮಗಾದರೆ ಹೇಳಬಹುದು.

ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಸಂಜಯನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಸೇರುತ್ತೇವೆ. ಕಿರುಚಿತ್ರ ಮಾಡಲು ಕಥೆ ಹೇಳಿಕೊಳ್ಳುವುದು ನಮ್ಮ ಕೆಲಸ. ಕೆಲಸ ಎಂದರೆ ಸಂಬಳದ್ದಲ್ಲ, ಹುಚ್ಚಿನದು. ಸ್ಟುಡಿಯೋ ಇರ್ಫಾನನದು. ಮದುವೆ ವಿಡಿಯೋ ತೆಗೆಯುವುದು ಅವನ ವೃತ್ತಿ. ಹೈಸ್ಕೂಲಿನಲ್ಲಿ ನಾನು ಅವನಿಗೆ ಕನ್ನಡ ಪಾಠ ಮಾಡಿದ್ದೆ. ಈಗ ಅವನಿಗೂ ಹೊಟ್ಟೆ ಬಂದಿದೆ, ಮಗಳು ಶಾಲೆಗೆ ಹೋಗುತ್ತಾಳೆ. ಆದರೂ ನನ್ನನ್ನು "ಮಿಸ್" ಎಂದೇ ಕರೆಯುತ್ತಾನೆ. ಎರಡನೆಯವನು ರಾಜಾನುಕುಂಟೆಯ ಮಂಜು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಅವನದೊಂದು ಸಸಿಗಳ ನರ್ಸರಿ ಇದೆ. ಮೂರನೆಯವಳು ಅಬ್ಬಿಗೆರೆಯ ದಿವ್ಯಾ. ಹೆಬ್ಬಾಳದ ಹತ್ತಿರದ ಯಾವುದೋ ಕಂಪನಿಯಲ್ಲಿ ನೌಕರರ ಗುಣದೋಷ ವಿಚಾರಿಸುವ ಹುದ್ದೆಯಲ್ಲಿದ್ದಾಳೆ. ನಾಲ್ಕನೆಯವಳು ನಾನು, ನಿವೃತ್ತ ಮೇಡಂ.

ವರ್ಷಕ್ಕೆ ಒಂದೇ ಒಂದು ಚಿತ್ರ, ಅದೂ ಆಷಾಢದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಇರ್ಫಾನನ ಕ್ಯಾಮೆರಾ ಖಾಲಿ ಇರುತ್ತದೆ. "ನಿಮ್ಮವರ ಮದುವೆಗಳಿಗೆ ಆಷಾಢ ಇಲ್ವಲ್ಲೋ?" ಎಂದು ಒಮ್ಮೆ ಕೇಳಿದ್ದೆ. "ಅದನ್ನ ನಮ್ಮಣ್ಣನ ಮಗ ನೋಡ್ಕೋತಾನೆ ಮಿಸ್. ಆಷಾಢ ನಂದು" ಎಂದಿದ್ದ. ಹೀಗೆ ನಮ್ಮ ಸಿನಿಮಾಕ್ಕೂ ಪಂಚಾಂಗಕ್ಕೂ ಬಿಡದ ನಂಟು. ಉಳಿದ ತಿಂಗಳೆಲ್ಲ ಕಥೆ ಹೇಳುವುದು, ಇನ್ನೊಬ್ಬರ ಕಥೆಯಲ್ಲಿ ತೂತು ಹುಡುಕುವುದು.

ತೂತು ಹುಡುಕುವುದರಲ್ಲಿ ನಾವೆಲ್ಲ ಪಳಗಿದವರು. ತಮ್ಮ ಕಥೆಯ ತೂತು ತೋರಿಸಿಕೊಳ್ಳುವುದರಲ್ಲಿ ಮಾತ್ರ ಒಬ್ಬರೂ ಪಳಗಿಲ್ಲ. ಮೊದಮೊದಲು ಕಥೆ ಹೇಳುವುದಕ್ಕೆ ಕಾಲು ಗಂಟೆ ಹಿಡಿದರೆ ಅದನ್ನು ಸಮರ್ಥಿಸಿಕೊಳ್ಳುವುದರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ಮಂಜುವಿನ ಕಥೆಗಳಲ್ಲಿ ಕಡ್ಡಾಯವಾಗಿ ಒಂದು ದೆವ್ವ ಇರುತ್ತದೆ. ಕೊಳವೆಬಾವಿಯಲ್ಲಿ ದೆವ್ವ, ಹೊಸ ಲೇಔಟಿನ ಸೈಟಿನಲ್ಲಿ ದೆವ್ವ, ಗುಲಾಬಿ ಕುಂಡದಲ್ಲಿ ದೆವ್ವ. "ಆ ದೆವ್ವಕ್ಕೆ ಮೋಟಿವೇಶನ್ ಏನು ಮಂಜು? ಅದು ಯಾಕೆ ಬರತ್ತೆ?" ಎಂದು ದಿವ್ಯಾ ಕೇಳಿದರೆ, "ಅದು ಯಾಕ್ ಬತ್ತದೆ ಅಂತ ದೆವ್ವನ್ನೇ ಕೇಳ್ಬೇಕು ಕಣಮ್ಮ, ನನ್ನ ಕೇಳಿದ್ರೆ ನಾನ್ ಎಂಗೆ ಏಳ್ಲಿ?" ಎನ್ನುತ್ತಿದ್ದ. ದಿವ್ಯಾಳಾದರೂ ಕಡಿಮೆಯಲ್ಲ. ಅವಳ ಕಥೆಗೆ ಏನಾದರೂ ಅಂದರೆ "ಒಳ್ಳೆ ಪಾಯಿಂಟ್, ನೋಟ್ ಮಾಡ್ಕೊಂಡೆ" ಎಂದು ನಗುತ್ತ, ಒಂದಕ್ಷರವನ್ನೂ ಬದಲಿಸದೆ ಮುಂದಿನ ವಾರ ಅದನ್ನೇ ಹೇಳುತ್ತಿದ್ದಳು. ನನ್ನದು ಬೇರೆ ಅಸ್ತ್ರ. "ಇದು ನಿಜವಾಗಿ ನಡೆದದ್ದು" ಎಂದುಬಿಡುತ್ತಿದ್ದೆ. ನಡೆದದ್ದನ್ನು ತಪ್ಪು ಎನ್ನುವುದು ಹೇಗೆ? ಪಾಪ, ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಮಂಗಳ ಹಾಡಿದ್ದು ನಿಪ್ಪಟ್ಟು. ಸ್ಟುಡಿಯೋದ ಕೆಳಗೆ ಒಂದು ಕಾಂಡಿಮೆಂಟ್ಸ್ ಅಂಗಡಿಯಿದೆ. ಅಲ್ಲಿಯ ಚಕ್ಕುಲಿ, ಕೋಡುಬಳೆ ಸುಮಾರು. ನಿಪ್ಪಟ್ಟು ಮಾತ್ರ ಕಲ್ಲು. ಕಡಲೆಬೀಜ, ಕರಿಬೇವು ಎಲ್ಲ ಕಾಣುವ ಹಾಗಿರುವ, ಅಂಗೈಯಗಲದ, ನೋಡಲು ಸುಂದರವಾದ ಕಲ್ಲು. ಒಂದು ಭಾನುವಾರ ಮಂಜು ಕಥೆ ಮುಗಿಸಿದವನೇ ಒಂದಿಡೀ ನಿಪ್ಪಟ್ಟನ್ನು ಬಾಯಿಗೆ ತುರುಕಿಕೊಂಡ. ದಿವ್ಯಾ ಎಂದಿನಂತೆ ಶುರು ಮಾಡಿದಳು. ಮಂಜು ಕೈ ಆಡಿಸಿದ, ಕಣ್ಣು ಬಿಟ್ಟ, ಕೆನ್ನೆ ಉಬ್ಬಿಸಿದ. ಮಾತು ಮಾತ್ರ ಹೊರಡಲಿಲ್ಲ. ಅವನು ಅದನ್ನು ನುರಿದು ನುಂಗುವಷ್ಟರಲ್ಲಿ ನಾವು ಮೂವರೂ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದೆವು. ಅವನು ನೀರು ಕುಡಿದು, ಸ್ವಲ್ಪ ಹೊತ್ತು ನೆಲ ನೋಡಿ, "ದೆವ್ವ ಬ್ಯಾಡ ಅಂತೀರಾ?" ಎಂದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ನಮ್ಮ ಮಾತು ಕೇಳಿಸಿತ್ತು.

ಅಂದಿನಿಂದ ಅದೇ ನಿಯಮ. ಕಥೆ ಹೇಳಿದವರು ಒಂದು ನಿಪ್ಪಟ್ಟನ್ನು ಬಾಯಿಗೆ ಹಾಕಿಕೊಳ್ಳಬೇಕು. ಅದು ಮುಗಿಯುವ ತನಕ ಉಳಿದವರ ಮಾತು. ಮುಗಿದ ಮೇಲೆ ಅವರು ಉತ್ತರ ಕೊಡಬಹುದು. ನಿಪ್ಪಟ್ಟು ತಿನ್ನುವ ಬಗೆಯಲ್ಲೇ ಮನುಷ್ಯರ ಬಂಡವಾಳ ಗೊತ್ತಾಗುತ್ತದೆ, ನೋಡಿ. ಮಂಜು ಎರಡೇ ಕಡಿತಕ್ಕೆ ಮುಗಿಸಿ ಜಗಳಕ್ಕೆ ತಯಾರಾಗುತ್ತಾನೆ. ದಿವ್ಯಾ ಅಂಚಿನಿಂದ ಅಳಿಲಿನ ಹಾಗೆ ಕೆರೆಯುತ್ತಾಳೆ. ಇರ್ಫಾನ್ ಚಹಾದಲ್ಲಿ ಅದ್ದಿಕೊಳ್ಳುತ್ತಾನೆ, ಅದು ಮೋಸವೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ದವಡೆಯಲ್ಲಿ ಒತ್ತಿ ಹಿಡಿದು ಉತ್ತರ ಹೊಸೆಯುತ್ತಿರುತ್ತೇನೆ. ಅಂದರೆ ಕೇಳಿಸಿಕೊಳ್ಳುತ್ತಿರುತ್ತೇನೆ ಎಂದೇನೂ ಅಲ್ಲ.

ನನಗೆ ಈ ಕಷ್ಟ ಬಂದದ್ದು ವೃತ್ತಿಯಿಂದ. ಮಕ್ಕಳ ಪ್ರಬಂಧಗಳ ಕೆಳಗೆ ಕೆಂಪು ಶಾಯಿಯಲ್ಲಿ "ಚೆನ್ನಾಗಿದೆ, ಆದರೆ..." ಎಂದು ಬರೆಯುತ್ತಲೇ ಆಯುಷ್ಯ ಸವೆಸಿದವಳು ನಾನು. ಮಕ್ಕಳಿಗೆ ಉತ್ತೇಜನ ಸಿಗಲಿ ಎಂದು ಮೊದಲ ಮಾತು, ತಿದ್ದಿಕೊಳ್ಳಲಿ ಎಂದು ಎರಡನೆಯದು. ಬಹಳ ಶಾಸ್ತ್ರೀಯವಾದ ಪದ್ಧತಿ ಎಂದುಕೊಂಡಿದ್ದೆ. "ಮಿಸ್, ನಿಮ್ಮ 'ಚೆನ್ನಾಗಿದೆ'ನ ನಾವು ಯಾರೂ ಓದ್ತಾನೇ ಇರ್ಲಿಲ್ಲ. 'ಆದರೆ'ಯಿಂದಾನೇ ಶುರು ಮಾಡ್ತಿದ್ವಿ" ಎಂದು ಇರ್ಫಾನ್ ಒಮ್ಮೆ ನಗುತ್ತ ಹೇಳಿದ. ನಾನೂ ನಕ್ಕೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ನಮ್ಮ ಅಮ್ಮನ ಪದ್ಧತಿಯಲ್ಲಿ "ಚೆನ್ನಾಗಿದೆ"ಯೂ ಇಲ್ಲ, "ಆದರೆ"ಯೂ ಇಲ್ಲ. ಅವಳದು ಒಂದೇ ಮಾತು, "ಆಗ್ಬೋದು." ಸಾರಿಗೆ ಆಗ್ಬೋದು. ರಂಗೋಲಿಗೆ ಆಗ್ಬೋದು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಓಡಿ ಬಂದು ಹೇಳಿದ್ದಕ್ಕೆ, ಒಲೆಯ ಮೇಲಿನ ಕಣ್ಣು ತೆಗೆಯದೆ, "ಆಗ್ಬೋದು" ಎಂದಿದ್ದಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಹೋದ ಮೇಲೆ ಹುಡುಗ ಹೇಗೆ ಎಂದು ಕೇಳಿದವರಿಗೂ ಅದನ್ನೇ ಹೇಳಿದಳು. ನಮ್ಮ ಯಜಮಾನರು ಇವತ್ತಿಗೂ ಯಾರಾದರೂ ಪರಿಚಯ ಕೇಳಿದರೆ, "ನಾನು ಈ ಮನೆಯ ಆಗಬಹುದಾದ ಅಳಿಯ" ಎನ್ನುತ್ತಾರೆ. ಅಪ್ಪ ಹಾಗಲ್ಲ. ಅಪ್ಪನಿಗೆ ಎಲ್ಲವೂ "ಭೇಷ್!" ಹಾಗಾಗಿ ನಾನು ಅಪ್ಪನ ಮಗಳಾಗಿಯೇ ಬೆಳೆದೆ. ಇದರಲ್ಲಿ ನನ್ನದೇನು ತಪ್ಪು, ಹೇಳಿ.

ಅಪ್ಪ ಹೋದ ಮೇಲೆ ಅವನ ಮೇಲೆ ಒಂದು ಕಥೆ ಮಾಡಬೇಕೆಂಬ ಆಸೆ ಬಹಳ ವರ್ಷ ನನ್ನೊಳಗೆ ಇತ್ತು. ಕಡೆಗೊಂದು ಬೇಸಿಗೆಯಲ್ಲಿ ಕೂತು ಹೊಂದಿಸಿದೆ. ಆ ವರ್ಷದ ಆಷಾಢ ನನಗೇ ಸಿಗಬೇಕೆಂದು ಹಟ. ಹಾಗೆ ನೋಡಿದರೆ ಕಥೆ ಏನೂ ದೊಡ್ಡದಲ್ಲ.

ಆಗ ನಮ್ಮದು ಯಶವಂತಪುರದಲ್ಲಿ ಒಂದು ವಠಾರದ ಮನೆ. ಎರಡು ಕೋಣೆ, ಒಂದು ಟ್ರಂಕು, ಒಂದು ಸೈಕಲ್ಲು. ಅಪ್ಪನಿಗೆ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತೆ ಕೆಲಸ. ಶನಿವಾರ ಸಂಜೆ ಅವನ ಕೆಲಸ ಬಿಡುವ ಹೊತ್ತಿಗೆ ನಾನು "ಅಪ್ಪನ್ನ ಕರ್ಕೊಂಡ್ ಬರ್ತೀನಿ" ಎಂದು ಅಮ್ಮನಿಗೆ ಹೇಳಿ ಶೆಡ್ಡಿನ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ. ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ನನಗೆಂದು ಪುಟ್ಟ ಸೀಟು ಹಾಕಿಸಿದ್ದ. ಅದರ ಮೇಲೆ ಕೂತರೆ ಅವನ ಗಲ್ಲ ನನ್ನ ನೆತ್ತಿಗೆ ತಾಗುತ್ತಿತ್ತು. ಮನೆಗೆ ಹೋಗುವ ಬದಲು ಇಬ್ಬರೂ ನೆಟ್ಟಗೆ ಟೆಂಟ್ ಸಿನಿಮಾಕ್ಕೆ ಹೋಗುತ್ತಿದ್ದೆವು. ನೆಲದ ಮರಳಿನಲ್ಲಿ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತದೆಂದು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ನನ್ನನ್ನು ಕೂರಿಸುತ್ತಿದ್ದ. ಹುರಿದ ಕಡಲೆಕಾಯಿ, ಗೋಲಿ ಸೋಡಾ, ರೀಲು ಕಡಿದಾಗಿನ ಶಿಳ್ಳೆ. ಹಿಂದಿರುಗಿದಾಗ ಬಾಗಿಲು ಹಾಕಿರುತ್ತಿತ್ತು. ಅಪ್ಪ ಸೈಕಲ್ ಬೆಲ್ ಬಾರಿಸುತ್ತಿದ್ದ. ಒಳಗೆ ದೀಪ ಕಾಣುತ್ತಿತ್ತು, ಓಡಾಡುವುದು ಕೇಳುತ್ತಿತ್ತು, ಟ್ರಂಕಿನ ಮುಚ್ಚಳ ಧಡ್ ಎನ್ನುತ್ತಿತ್ತು. ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ. ಅಪ್ಪ ಜಗಲಿಯ ಮೇಲೆ ಕೂತು, ನಿದ್ದೆ ಬಾರದಿರಲೆಂದು ನನಗೆ ಸಿನಿಮಾದ ಮಾತುಗಳನ್ನು ಅಭಿನಯಿಸಿ ತೋರಿಸುತ್ತಿದ್ದ. ಎಷ್ಟೋ ಹೊತ್ತಿಗೆ ಅಮ್ಮ ಬಾಗಿಲು ತೆಗೆದು, "ಅನ್ನ ಆರಿದೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು.

ಇದಿಷ್ಟು. ರಸಿಕ ಅಪ್ಪ, ಮುದ್ದು ಮಗಳು, ಸಿಡುಕಿ ಅಮ್ಮ. ಅಮ್ಮ ಸಿಟ್ಟಿಗೆ ಸಾಮಾನು ಕುಕ್ಕುವುದು, ಹೊರಗೆ ಅಪ್ಪ ಸಿನಿಮಾ ಅಭಿನಯಿಸುವುದು, ಎರಡನ್ನೂ ಒಟ್ಟಿಗೆ ತೋರಿಸಿದರೆ ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ ಎಂದು ನನಗೆ ಖಾತ್ರಿಯಿತ್ತು.

ನಾನು ಕಥೆ ಹೇಳಬೇಕಾದ ಭಾನುವಾರವೇ ಯಜಮಾನರು ತುಮಕೂರಿನ ತಂಗಿಯ ಮನೆಗೆ ಹೊರಟರು. ಅಮ್ಮ ನಮ್ಮ ಜೊತೆಗೇ ಇರುವವಳು. ಒಬ್ಬಳನ್ನೇ ಬಿಡುವ ಹಾಗಿಲ್ಲ. ಒಂದು ತಿಂಗಳ ಹಿಂದೆ ಸ್ನಾನದ ಮನೆಯಲ್ಲಿ ಜಾರಿ ಸ್ವಲ್ಪದರಲ್ಲಿ ಬಚಾವಾಗಿದ್ದಳು. ಕರೆದುಕೊಂಡು ಹೋದೆ. ಇರ್ಫಾನ್ ಓಡಿ ಬಂದು, "ಬನ್ನಿ ಅಮ್ಮ" ಎಂದು ಕೈ ಹಿಡಿದು, ರಿಸೆಪ್ಶನ್ನಿಗೆ ಬಾಡಿಗೆ ಕೊಡುವ ಕೆಂಪು ಮಖಮಲ್ಲಿನ, ಬಂಗಾರದ ಬಣ್ಣದ ಸಿಂಹಗಳಿರುವ ಕುರ್ಚಿಯ ಮೇಲೆ ಕೂರಿಸಿದ. ಆ ಸಿಂಹಾಸನದಲ್ಲಿ ನಮ್ಮಮ್ಮ ಕಾಲು ನೆಲಕ್ಕೆ ಎಟುಕದೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಐದು ನಿಮಿಷಕ್ಕೆ ತೂಕಡಿಸುವುದಕ್ಕೆ ಶುರು ಮಾಡಿದಳು. ನನಗೆ ಸಮಾಧಾನವಾಯಿತು. ಹೇಗಿದ್ದರೂ ಹೆಸರುಗಳನ್ನು ಬದಲಿಸಿದ್ದೆ. ಅಮ್ಮನ ಪಾತ್ರಕ್ಕಂತೂ ಹೆಸರೇ ಇಟ್ಟಿರಲಿಲ್ಲ.

ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ ಎಂದು ನನ್ನ ಅಭಿಪ್ರಾಯ. ಜಗಲಿಯ ಮೇಲಿನ ಅಭಿನಯವನ್ನು ಎದ್ದು ನಿಂತು ಮಾಡಿ ತೋರಿಸಿದೆ. ಮುಗಿಸಿ, ನಿಪ್ಪಟ್ಟು ಬಾಯಿಗಿಟ್ಟು ದವಡೆಗೆ ಒತ್ತಿಕೊಂಡೆ.

"ಅಪ್ಪ ಸೂಪರ್ ಮೇಡಂ" ಎಂದಳು ದಿವ್ಯಾ. "ಅಪ್ಪ-ಮಗಳ ಬಾಂಡಿಂಗ್ ನಿಮ್ಮ ಸ್ಟ್ರೆಂತ್. ಇಂಪ್ರೂವ್‌ಮೆಂಟ್ ಏರಿಯಾ ಅಂದ್ರೆ ಆ ಅಮ್ಮ. ಅವ್ರು ಬರೀ ಕೋಪ ಮಾಡ್ಕೊಳ್ಳೋಕೇ ಇದಾರೆ ಅನ್ಸುತ್ತೆ."

"ಸೀರಿಯಲ್ ಅತ್ತೆ ಥರ ಆಗ್ಬಿಟ್ಟಿದೆ ಮಿಸ್" ಎಂದ ಇರ್ಫಾನ್. ಅವನ ಮುಖದಲ್ಲಿ ಕೆಂಪು ಶಾಯಿಯ ಹಳೆಯ ಸೇಡು ಇತ್ತೆಂದು ನನ್ನ ಗುಮಾನಿ.

ಮಂಜು ತಲೆ ಕೆರೆದುಕೊಂಡ. "ಆ ಯಮ್ಮ ದೆವ್ವ ಅಂತ ಏನಾರ ಕೊನೇಲಿ..." ಎಂದವನು ನಮ್ಮ ಮುಖ ನೋಡಿ ಸುಮ್ಮನಾದ.

ಆಗ ಸಿಂಹಾಸನದಿಂದ ದನಿ ಬಂತು. "ನಾನೂ ಒಂದ್ ಮಾತು ಕೇಳ್ಬೋದೇನಪ್ಪಾ?"

ಅಮ್ಮನ ಕಣ್ಣುಗಳು ಪೂರ್ತಿ ತೆರೆದಿದ್ದವು. ಎಷ್ಟು ಹೊತ್ತಿನಿಂದ ತೆರೆದಿದ್ದವೋ. ನಾನು ಬೇಡ ಎನ್ನುವಂತೆ ಕೈಯಾಡಿಸಿದೆ. ಇರ್ಫಾನ್ ನನ್ನ ಕೈಯನ್ನು ಗಮನಿಸದೆ, "ಕೇಳಿ ಅಮ್ಮ, ಮಿಸ್ ಈಗ ಮಾತಾಡೋ ಹಾಗಿಲ್ಲ" ಎಂದ.

"ವಾರ ವಾರ ಅಪ್ಪ ಮಗಳು ಸಿನಿಮಾಕ್ಕೆ ಹೋಗ್ತಾರೆ ಅಂದ್ಯಲ್ಲ" ಎಂದಳು ಅಮ್ಮ. ನನ್ನನ್ನು ನೋಡಲಿಲ್ಲ. ಕೈಚೀಲದ ಹಿಡಿಯನ್ನು ನೋಡುತ್ತಿದ್ದಳು. "ಆ ಹೆಂಗಸನ್ನ ಒಂದ್ ಸಲನಾದ್ರೂ ಕರೆದ್ರಾ?"

ನನ್ನ ದವಡೆಯಲ್ಲಿ ಟಕ್ ಎಂದು ಏನೋ ಸದ್ದಾಯಿತು. ನಿಪ್ಪಟ್ಟು ಎಂದುಕೊಂಡೆ.

ನನ್ನ ಹತ್ತಿರ ಉತ್ತರ ಇತ್ತು. ಸೈಕಲ್ಲಿನಲ್ಲಿ ಇಬ್ಬರಿಗೇ ಜಾಗ, ಮೂವರು ಹೋಗುವುದು ಹೇಗೆ? ಅದನ್ನು ಹೇಳಲು ಬಾಯಿ ತೆರವಾಗಲಿ ಎಂದು ಗಡಿಬಿಡಿಯಲ್ಲಿ ಅಗಿಯತೊಡಗಿದೆ. ಅಷ್ಟರಲ್ಲಿ ಮಂಜು, "ಸೈಕಲ್‌ಗೆ ಇಂದ್ಗಡೆ ಕ್ಯಾರಿಯರ್ ಇರ್ಲಿಲ್ವಾ?" ಎಂದ. ಇತ್ತು. ಅಪ್ಪನ ಖಾಲಿ ಊಟದ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿರುತ್ತಿದ್ದೆವು. ವಠಾರದ ಎಷ್ಟು ಜನ ಹೆಂಗಸರು ಗಂಡಂದಿರ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟುಕೊಂಡು ಮಾರ್ಕೆಟ್ಟಿಗೆ ಹೋಗಿ ಬರುತ್ತಿರಲಿಲ್ಲ! ನಿಪ್ಪಟ್ಟು ಮುಗಿಯುವ ಹೊತ್ತಿಗೆ ನನ್ನ ಉತ್ತರವೂ ಮುಗಿದಿತ್ತು.

"ಇನ್ನೊಂದ್ ಡೌಟು" ಎಂದ ಇರ್ಫಾನ್, ಈಗ ಅಮ್ಮನ ಕಡೆಗೇ ತಿರುಗಿ. "ಒಳಗಡೆ ಲೈಟ್ ಇದೆ, ಅವ್ರು ಎದ್ದಿದಾರೆ. ಆದ್ರೂ ಬಾಗಿಲು ತೆಗೆಯೋಕೆ ಅಷ್ಟೊತ್ತು ಯಾಕಮ್ಮ? ಒಳಗೆ ಏನ್ ಮಾಡ್ತಿದ್ರು?"

"ಅದನ್ನ ಕಥೆ ಮಾಡ್ದೋರು ಹೇಳ್ಬೇಕಪ್ಪ" ಎಂದಳು ಅಮ್ಮ. "ನನ್ ಕೇಳಿದ್ರೆ?"

ಆ ಪ್ರಶ್ನೆಗೆ ಉತ್ತರ ತಂದರೆ ಈ ವರ್ಷ ನನ್ನ ಕಥೆ, ಇಲ್ಲದಿದ್ದರೆ ಮಂಜುವಿನ ಕೊಳವೆಬಾವಿ ಎಂದು ತೀರ್ಮಾನವಾಯಿತು. ಆಟೋದಲ್ಲಿ ಮನೆಗೆ ಬರುವಾಗ ಹಲ್ಲು ಜುಮ್ಮೆನ್ನುತ್ತಿತ್ತು.

ಮುಂದಿನ ದಿನಗಳಲ್ಲಿ ನಾನು ಆ ಹೆಂಗಸಿಗೆ ಒಳಗೆ ಏನಾದರೂ ಕೆಲಸ ಕೊಡಬೇಕೆಂದು ಪಟ್ಟ ಪಾಡು ಹೇಳತೀರದು. ಮೊದಲು ಅವಳನ್ನು ಅಳುವಂತೆ ಮಾಡಿದೆ. ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಅಮ್ಮನಿಗೆ, ಯಾರದೋ ಸಮಾಚಾರ ಹೇಳುವವಳ ಹಾಗೆ, "ಅವಳು ಒಳಗೆ ಅಳ್ತಾ ಇರ್ತಾಳೆ, ಕಣ್ಣೊರೆಸ್ಕೊಂಡು ಬರೋಕೆ ತಡ ಆಗತ್ತೆ ಅಂತ ಮಾಡಿದ್ರೆ?" ಎಂದೆ.

"ಅಷ್ಟೊಂದು ಅಳೋಕೆ ಯಾರ್ ಸತ್ತಿದ್ರು?" ಎಂದಳು.

ಎರಡು ದಿನ ಬಿಟ್ಟು ಆ ಹೆಂಗಸನ್ನು ಮಲಗಿಸಿದೆ. "ಗಂಡ ಮಗು ಇನ್ನೂ ಮನೆಗ್ ಬಂದಿಲ್ಲ, ನಿದ್ದೆ ಎಲ್ಲಿಂದ ಬರತ್ತೆ?" ಎಂದಳು ಅಮ್ಮ. ಆಮೇಲೆ ದೇವರ ಮುಂದೆ ಕೂರಿಸಿದೆ. "ದೀಪ ಸಂಜೆನೇ ಹಚ್ಚಿ ಆಗಿರತ್ತಲ್ಲೇ. ಅಷ್ಟೊತ್ತಲ್ಲಿ ದೇವ್ರಿಗೂ ಸಾಕಾಗಿರತ್ತೆ." ಪ್ರತಿಯೊಂದಕ್ಕೂ ನಾನು ವಾದಿಸಿದೆ. ಸಿನಿಮಾದಲ್ಲಿ ಹಾಗೆಲ್ಲ ಇರುತ್ತದೆ, ನಿನಗೆ ಗೊತ್ತಾಗುವುದಿಲ್ಲ ಎಂದೂ ಹೇಳಿದೆ. "ನನಗೆಲ್ಲಿ ಗೊತ್ತಾಗ್ಬೇಕು, ನಾನೆಲ್ಲಿ ಸಿನಿಮಾ ನೋಡಿದೀನಿ" ಎಂದು ಅವಳು ನಾರು ತೆಗೆಯುವುದನ್ನು ಮುಂದುವರಿಸಿದಳು.

ಆಷಾಢ ಹತ್ತಿರ ಬಂತು. ಇರ್ಫಾನ್ ಫೋನ್ ಮಾಡಿದ. "ಬೇಜಾರ್ ಮಾಡ್ಕೋಬೇಡಿ ಮಿಸ್. ಈ ಸಲ ಮಂಜುದೇ ತೆಗೆದುಬಿಡೋಣ್ವಾ? ಅವನು ಆಗ್ಲೇ ಬೋರ್‌ವೆಲ್ ನೋಡ್ಕೊಂಡ್ ಬಂದಿದಾನೆ." ನನಗೆ ಬೇಜಾರಾಗಿತ್ತು. ಅಪ್ಪನ ಕಥೆ ಕೈಬಿಟ್ಟು ಹೋಗುತ್ತಿದೆ ಎಂಬುದಕ್ಕಿಂತ, ಆ ಮುಚ್ಚಿದ ಬಾಗಿಲಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿಲ್ಲವಲ್ಲ, ಗೊತ್ತಿರುವವಳು ನಮ್ಮ ಮನೆಯಲ್ಲೇ ಇದ್ದಾಳಲ್ಲ ಎಂದು. "ಒಂದಿನ ಟೈಮ್ ಕೊಡು" ಎಂದೆ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಡಬ್ಬಿಯಿಂದ ಒಂದು ನಿಪ್ಪಟ್ಟು ತೆಗೆದೆ. ಅಮ್ಮ ಕಿಟಕಿಯ ಹತ್ತಿರ ಮರುದಿನದ ಹುರುಳಿಕಾಯಿ ಹರವಿಕೊಂಡು ಕೂತಿದ್ದಳು. ಅವಳ ಎದುರು ನೆಲದ ಮೇಲೆ ಕೂತು, ನಿಪ್ಪಟ್ಟನ್ನು ನೋವಿಲ್ಲದ ಕಡೆಯ ದವಡೆಗೆ ಇಟ್ಟುಕೊಂಡೆ.

"ಏನೇ ಇದು? ಈಗ ತಾನೇ ಊಟ ಮಾಡಿದ್ಯಲ್ಲ" ಎಂದಳು.

ಬಾಯಿಯ ಕಡೆ ಬೆರಳು ತೋರಿಸಿದೆ. ಅವಳ ಕಡೆ ಕೈ ತೋರಿಸಿದೆ.

ಅಮ್ಮನಿಗೆ ಅರ್ಥವಾಯಿತು. ನಗು ಬಂತೇನೋ, ತುಟಿ ಸ್ವಲ್ಪ ಅಲುಗಿತು. ಒಂದು ಕಾಯಿ ಎತ್ತಿಕೊಂಡು ಎರಡೂ ತುದಿ ಮುರಿದಳು.

"ಆ ಹೆಂಗಸು ಶನಿವಾರ ಮಧ್ಯಾಹ್ನವೇ ಅಡುಗೆ ಮುಗಿಸಿಬಿಡ್ತಿದ್ದಳು" ಎಂದಳು. "ಮಗು ಗೇಟಿನ ಹತ್ರ ಹೋದ್ಮೇಲೆ ಮುಖ ತೊಳ್ಕೊಂಡು, ಟ್ರಂಕಿಂದ ಸೀರೆ ತೆಗೀತಿದ್ದಳು. ಕನಕಾಂಬರದ ಬಣ್ಣದ್ದು, ಅವಳ ತಂಗಿ ಮದುವೇಲಿ ಕೊಟ್ಟಿದ್ದು. ಉಟ್ಕೊಂಡು, ಹೂ ಮುಡ್ಕೊಂಡು ಕೂತಿರ್ತಿದ್ದಳು. ಇವತ್ತು ಗೇಟಿಂದ ನೆಟ್ಟಗೆ ಹೋಗ್ದೆ ಮನೆ ಕಡೆ ಬಂದು ಕರೀತಾರೇನೋ ಅಂತ. ಬರ್ತಿರ್ಲಿಲ್ಲ. ಕತ್ತಲಾಗೋದು. ಬರಲ್ಲ ಅಂತ ಗೊತ್ತಾದ್ರೂ ಬಿಚ್ಚಿಡೋಕೆ ಮನಸ್ಸು ಬರ್ತಿರ್ಲಿಲ್ಲ. ಉಟ್ಟಿದೀನಲ್ಲ, ಸ್ವಲ್ಪ ಹೊತ್ತು ಇರ್ಲಿ ಅಂತ ಹಾಗೇ ಕೂತಿರೋಳು."

ಇನ್ನೊಂದು ಕಾಯಿ ಮುರಿದಳು.

"ಬೆಲ್ ಕೇಳಿದ್ ಮೇಲೆ ಗಡಿಬಿಡಿ. ಹೂ ತೆಗೆದು, ಸೀರೆ ಬಿಚ್ಚಿ, ಮಡಿಸಿ, ಟ್ರಂಕಿಗೆ ಹಾಕಿ, ಹಳೇದು ಸುತ್ಕೊಂಡು ಆಮೇಲೆ ಬಾಗಿಲು ತೆಗೀತಿದ್ದೆ."

ಅವಳಿಗೆ ಅರಿವಿಲ್ಲದೆಯೇ ಆ ಹೆಂಗಸು "ನಾನು" ಆಗಿಬಿಟ್ಟಿದ್ದಳು. ನಾನು ಅಗಿಯುವುದನ್ನು ನಿಲ್ಲಿಸಿದ್ದೆ. ಯಾಕಮ್ಮ ಎಂದು ಕೇಳಬೇಕೆನಿಸಿತು. ಉಟ್ಟುಕೊಂಡೇ ಬಾಗಿಲು ತೆಗೆಯಬಹುದಿತ್ತಲ್ಲ, ಅಪ್ಪ ನೋಡಿದ್ದರೆ "ಭೇಷ್" ಅನ್ನುತ್ತಿದ್ದನಲ್ಲ, ಮುಂದಿನ ವಾರ ಕರೆದುಕೊಂಡು ಹೋಗುತ್ತಿದ್ದನಲ್ಲ ಎಂದೆಲ್ಲ ಹೇಳಬೇಕೆನಿಸಿತು. ಬಾಯಲ್ಲಿ ನಿಪ್ಪಟ್ಟು ಇತ್ತು. ಅದು ಇದ್ದದ್ದೇ ಒಳ್ಳೆಯದಾಯಿತು. ನಾನು ಕೇಳದಿದ್ದರೂ ಅವಳೇ ಹೇಳಿದಳು.

"ಉಟ್ಕೊಂಡಿರೋದು ನೀವು ನೋಡ್ಬಿಟ್ರೆ, ನಾನೇ ಬಾಯಿ ಬಿಟ್ಟು ಕೇಳ್ದಂಗಾಗ್ತಿತ್ತಲ್ಲೇ." ನಾರುಗಳನ್ನೆಲ್ಲ ಗುಡ್ಡೆ ಮಾಡಿದಳು. "ನಿಮ್ಮಪ್ಪ ಕೆಟ್ಟೋರಲ್ಲ ಕಣೆ. ಅವ್ರಿಗೆ ತೋಚ್ಲಿಲ್ಲ, ಅಷ್ಟೆ. ನೀನಂತೂ ಮಗು."

ನನಗೆ ಅಳು ಬಂತು. ಬಾಯಲ್ಲಿ ನಿಪ್ಪಟ್ಟಿಟ್ಟುಕೊಂಡು ಅಳುವುದು ಸುಲಭವಲ್ಲ. ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ಅಮ್ಮ ಗೋಡೆ ಹಿಡಿದುಕೊಂಡು ಎದ್ದು ಹೋಗಿ ನೀರು ತಂದುಕೊಟ್ಟು, ನೆತ್ತಿ ತಟ್ಟಿ, "ನಿಧಾನ, ನಿಧಾನ. ಯಾವ ಸೀಮೆ ನಿಯಮಾನೋ ನಿಮ್ದು" ಎಂದಳು.

ಆ ಭಾನುವಾರ ಕಥೆಯನ್ನು ಹೊಸದಾಗಿ ಹೇಳಿದೆ. ಅಭಿನಯ ಮಾಡಲಿಲ್ಲ, ಎದ್ದೂ ನಿಲ್ಲಲಿಲ್ಲ. ನಿಪ್ಪಟ್ಟು ಬಾಯಿಗಿಟ್ಟುಕೊಂಡರೆ ಯಾರೂ ತೂತು ಹುಡುಕಲಿಲ್ಲ. ಇರ್ಫಾನ್, "ಕ್ಯಾಮೆರಾ ಒಳಗಡೆನೇ ಇರುತ್ತೆ ಮಿಸ್. ಹೊರಗೆ ಬರೋದೇ ಬೇಡ" ಎಂದ. ಹಾಗೇ ಮಾಡಿದೆವು. ರಾಜಾನುಕುಂಟೆಯಲ್ಲಿ ಮಂಜುವಿನ ದೊಡ್ಡಪ್ಪನ ಹಳೆಯ ಮನೆ ಸಿಕ್ಕಿತು. ದಿವ್ಯಾ ಆ ಹೆಂಗಸಾದಳು. ನೋಟ್ ಮಾಡಿಕೊಳ್ಳದೆಯೇ ಎಷ್ಟು ಚೆನ್ನಾಗಿ ಮಾಡಿದಳೆಂದರೆ, ಸೆರಗು ಮಡಿಸುವಾಗ ಅವಳ ಬೆರಳುಗಳ ಅವಸರ ನೋಡಿ ನಾನು ಆಚೆ ಹೋಗಿ ನಿಂತೆ. ಅಪ್ಪ ತೆರೆಯ ಮೇಲೆ ಕಾಣುವುದೇ ಇಲ್ಲ. ಸೈಕಲ್ ಬೆಲ್ಲು, ಕೆಮ್ಮು, ಜಗಲಿಯಿಂದ ಮಾತು ಮಾತ್ರ ಕೇಳುತ್ತದೆ. ಅದು ಮಂಜು. ಕಾಣದೆ ಸದ್ದು ಮಾಡುವ ಪಾತ್ರವಾದ್ದರಿಂದ ಅವನಿಗೂ ಸಮಾಧಾನವಾಯಿತು.

ಚಿತ್ರೀಕರಣ ಮುಗಿದ ಮೇಲೆ ಹಲ್ಲಿನ ಡಾಕ್ಟರಲ್ಲಿಗೆ ಹೋದದ್ದು. ಅವರು ಆ ಹಲ್ಲಿಗೆ ಟೋಪಿ ಹಾಕಿ ಕಳಿಸಿದರು. ಈಗ ಅದು ಉಳಿದವಕ್ಕಿಂತ ಗಟ್ಟಿಯಾಗಿದೆ.

ಚಿತ್ರ ತೋರಿಸಿದ್ದು ಆರ್.ಟಿ. ನಗರದ ಒಂದು ಸಣ್ಣ ಹಾಲಿನಲ್ಲಿ. ಇರ್ಫಾನ್ ದಿನ ಗೊತ್ತು ಮಾಡಿ ಬಂದು ಹೇಳಿದ ಮೇಲೆಯೇ ಅದು ಶನಿವಾರ ಎಂದು ನನ್ನ ಗಮನಕ್ಕೆ ಬಂದದ್ದು. ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮನಿಗೆ, "ಸಾಯಂಕಾಲ ಸಿನಿಮಾಕ್ಕೆ ಹೋಗೋಣ, ಬರ್ತೀಯಾ?" ಎಂದೆ. "ಅಷ್ಟೊತ್ತು ಕೂತ್ರೆ ಸೊಂಟ ಹಿಡ್ಕೊಳತ್ತೆ" ಎಂದಳು. "ಹನ್ನೆರಡು ನಿಮಿಷದ್ದು ಅಮ್ಮ" ಎಂದೆ. "ಅಷ್ಟೇನಾ?" ಎಂದು ಲೋಟ ತೊಳೆಯಲು ಹೋದಳು.

ಪಕ್ಕದ ಮನೆಯವರಿಗೆ ಅಮ್ಮನ ಮೇಲೆ ಒಂದು ಕಣ್ಣಿಡಲು ಹೇಳಿ, ನಾನು ಯಜಮಾನರ ಜೊತೆ ಮುಂಚೆಯೇ ಹೋಗಿ ಕುರ್ಚಿ ಹಾಕಿಸಿ, ಅವರನ್ನು ಅಲ್ಲೇ ಬಿಟ್ಟು, ಅಮ್ಮನನ್ನು ಕರೆದೊಯ್ಯಲು ಆಟೋದಲ್ಲಿ ವಾಪಸು ಬಂದೆ. ಆಟೋದವನಿಗೆ ಎರಡು ನಿಮಿಷ ನಿಲ್ಲಪ್ಪ ಎಂದು ಹೇಳಿ ಬೆಲ್ ಒತ್ತಿದೆ.

ಒಳಗೆ ದೀಪ ಉರಿಯುತ್ತಿತ್ತು. ಓಡಾಡುವುದು ಕೇಳುತ್ತಿತ್ತು. ಬಾಗಿಲು ತೆಗೆಯಲಿಲ್ಲ. ಸ್ನಾನದ ಮನೆಯ ನೆನಪಾಗಿ ಮತ್ತೊಮ್ಮೆ ಒತ್ತಲು ಕೈ ಎತ್ತಿದೆ. ಅಷ್ಟರಲ್ಲಿ ಬೀರುವಿನ ಬಾಗಿಲು ಧಡ್ ಎಂದದ್ದು ಕೇಳಿತು. ಕೈ ಇಳಿಸಿದೆ. ಮೆಟ್ಟಿಲ ಮೇಲೆ ಕೂತೆ. ಆಟೋದವನು ಹಾರ್ನ್ ಮಾಡಿದ, ಇರಪ್ಪ ಎಂದು ಸನ್ನೆ ಮಾಡಿದೆ. ಈ ಸಲ ಅವಳು ಬಿಚ್ಚಿಡುತ್ತಿರಲಿಲ್ಲ, ಉಡುತ್ತಿದ್ದಳು. ಎಷ್ಟು ಹೊತ್ತು ಬೇಕಾದರೂ ಆಗಲಿ ಎಂದು ಕಾದೆ.

ಬಾಗಿಲು ತೆರೆಯಿತು. ಅಮ್ಮ ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ನೆರಿಗೆ ಸರಿ ಮಾಡಿಕೊಳ್ಳುತ್ತ ನಿಂತಿದ್ದಳು. ನೆರಿಗೆ ಸ್ವಲ್ಪ ಓರೆಯಾಗಿತ್ತು. ಸೆರಗು ಒಂದು ಕಡೆ ಉದ್ದವಾಗಿತ್ತು.

"ಹೇಗಿದೆಯೇ?" ಎಂದು ಕೇಳಿದಳು. ನನ್ನ ಆಯುಷ್ಯದಲ್ಲಿ ಅಮ್ಮ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಚೆನ್ನಾಗಿದೆ" ಎಂದೆ.

ಅಮ್ಮ ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. "ಆದರೆ" ಬರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.